‘ಒಳ್ಳೆಯವನಿದ್ದ, ಕೆಟ್ಟವನಾದ’ ಅಂತ ಬರೆದರೆ ಸಾಲದಾ ಸರ್?

ಪ್ರಶ್ನೆ: ಸರ್, ನಾನು ಗಂಗಾವತಿಯವನು, ಬಿ.ಎ. ಕೊನೆಯ ವರ್ಷ. ದೆಹಲಿಯ ಸುಲ್ತಾನ ಮಹಮ್ಮದ್ ತುಘಲಕನ ಬಗ್ಗೆ ಗಿರೀಶ ಕಾರ್ನಾಡರು ಬರೆದ ನಾಟಕ ‘ತುಘಲಕ್’ ಮೇಲೆ 15 ಪುಟದ ಕಿರುಪ್ರಬಂಧ ಬರೆಯಬೇಕು. ಪಾತ್ರಗಳ ಉದ್ದೇಶಗಳು ನಾಟಕದುದ್ದಕ್ಕೂ ಹೇಗೆ ಬದಲಾಗುತ್ತವೆ ಎನ್ನುವುದು ವಿಷಯ. ನನ್ನ ಮೊದಲ ಕರಡನ್ನು ಮೇಡಂ ವಾಪಸ್ ಕೊಟ್ಟರು. ‘ಇದು ಬರೀ ಕಥೆ, ಉದ್ದೇಶ ಎಲ್ಲಿದೆ?’ ಅಂದರು. ಗೈಡ್‌ನಲ್ಲಿ ಆದರ್ಶವಾದಿ ಕ್ರೂರಿಯಾದ, ಕೊನೆಗೆ ಹುಚ್ಚನಾದ ಅಂತಿದೆ, ನಾನೂ ಅದನ್ನೇ ಬರೆದಿದ್ದೆ. ಕಾಲೇಜಿನಲ್ಲಿ ಇದೇ ನಾಟಕದ ತಾಲೀಮೂ ನಡೆದಿದೆ, ನನ್ನದು ಶಿಹಾಬುದ್ದೀನನ ಪಾತ್ರ. ಸುಲ್ತಾನನ ಪರ ಮಾತಾಡುತ್ತಿದ್ದವನು ಒಂದೇ ದೃಶ್ಯದಲ್ಲಿ ಅವನನ್ನು ಕೊಲ್ಲಲು ಒಪ್ಪಿಬಿಡುತ್ತಾನೆ. ನನಗೇ ನಂಬಿಕೆ ಬರುತ್ತಿಲ್ಲ, ನೋಡುವವರಿಗೆ ಹೇಗೆ ಬರಬೇಕು? ಇನ್ನೊಂದು ಮಾತು. ನಮ್ಮ ತಾಲ್ಲೂಕಿನಲ್ಲೇ ಕುಮ್ಮಟದುರ್ಗ ಇದೆ. ಕುಮಾರರಾಮನ ಮೇಲೆ ದಂಡು ಕಳಿಸಿದ ದೊರೆ ಇವನೇ ಅಂತ ಗೊತ್ತಾದ ಮೇಲೆ ಇವನ ಒಳ್ಳೆಯ ಉದ್ದೇಶದ ಬಗ್ಗೆ ಬರೆಯಲು ಮನಸ್ಸೇ ಬರುತ್ತಿಲ್ಲ. ಆ ಇತಿಹಾಸವನ್ನು ಪ್ರಬಂಧದಲ್ಲಿ ತರಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆ ಇವೆ. ಕಥೆಯನ್ನೂ ಉದ್ದೇಶವನ್ನೂ ಬೇರೆ ಮಾಡುವುದು ಹೇಗೆ, ಶಿಹಾಬುದ್ದೀನ ಯಾಕೆ ತಿರುಗಿಬಿದ್ದ, ಕುಮ್ಮಟದುರ್ಗವನ್ನು ಎಲ್ಲಿಡಬೇಕು. ಮೂರಕ್ಕೂ ನಂಟಿದೆ, ಆದರೆ ಮೊದಲನೆಯದು ತಿಳಿಯಾದರೆ ಉಳಿದೆರಡು ಅರ್ಧ ಹಗುರಾಗುತ್ತವೆ.

ನಿಮ್ಮ ಮೇಡಂ ಹೇಳಿದ್ದು ಸರಿ ಇದೆ. ‘ಒಳ್ಳೆಯವನಿದ್ದ, ಕೆಟ್ಟವನಾದ’ ಎನ್ನುವುದು ನಾವು ಹೊರಗೆ ನಿಂತು ಕೊಡುವ ತೀರ್ಪು. ಉದ್ದೇಶ ಅಂದರೆ ಆ ಮನುಷ್ಯನಿಗೆ ಆ ಹೊತ್ತಿನಲ್ಲಿ ಏನು ಬೇಕಿತ್ತು, ಅದು ಯಾರಿಂದ ಬೇಕಿತ್ತು, ಅದಕ್ಕಾಗಿ ಏನು ಮಾಡಲು ತಯಾರಿದ್ದ ಎನ್ನುವುದು. ಈ ಕೊನೆಯ ತುಂಡನ್ನೇ ಹುಡುಗರು ಬಿಟ್ಟುಬಿಡುತ್ತಾರೆ. ನಾಟಕ ಪಾಠ ಮಾಡುತ್ತಾ, ತಾಲೀಮುಗಳಲ್ಲಿ ಕೂರುತ್ತಾ ನನಗೆ ಗಟ್ಟಿಯಾದ ಮಾತು ಒಂದೇ. ದೊಡ್ಡ ನಾಟಕಗಳಲ್ಲಿ ಪಾತ್ರದ ಮೂಲ ಆಸೆ ಬದಲಾಗುವುದು ಕಡಿಮೆ. ಆ ಆಸೆಗಾಗಿ ಏನು ಮಾಡಲು ಒಪ್ಪುತ್ತಾನೆ ಎನ್ನುವುದು ಬದಲಾಗುತ್ತಾ ಹೋಗುತ್ತದೆ. ನೀವು ಹುಡುಕಬೇಕಾದ್ದು ಅದನ್ನು.

ನಮ್ಮ ಭಾಗದ ಹುಡುಗರಿಗೆ ಇದು ಸ್ವಲ್ಪ ಜಾಸ್ತಿ ಕಷ್ಟವಾಗುತ್ತದೆ, ಅದಕ್ಕೆ ಕಾರಣವೂ ಇದೆ. ನಾವು ದೊಡ್ಡಾಟ ನೋಡಿ ಬೆಳೆದವರು. ಅಲ್ಲಿ ವೇಷ ರಂಗಕ್ಕೆ ಬಂದ ಕೂಡಲೇ ಸಾರಥಿ ಎದುರು ನಿಂತು ತಾವು ಯಾರು, ಬಂದ ಕಾರಣವೇನು ಅಂತ ಕೇಳುತ್ತಾನೆ, ವೇಷ ಎದೆ ಸೆಟೆಸಿ ಎಲ್ಲವನ್ನೂ ಹೇಳಿಬಿಡುತ್ತದೆ. ಅದು ಆ ಕಲೆಯ ಕ್ರಮ, ಅದಕ್ಕೆ ಅದರದೇ ಚೆಲುವಿದೆ. ಆದರೆ ಅದೇ ಅಭ್ಯಾಸದಲ್ಲಿ ‘ತುಘಲಕ್’ ಓದಿದರೆ ಪಾತ್ರ ಹೇಳಿದ್ದನ್ನೇ ಅದರ ಉದ್ದೇಶ ಅಂತ ನಂಬುತ್ತೇವೆ. ಇಲ್ಲಿ ಸಾರಥಿ ಇಲ್ಲ. ಸುಲ್ತಾನ ಜನರ ಮುಂದೆ ಒಂದು ಮಾತಾಡುತ್ತಾನೆ, ಮಲತಾಯಿಯ ಮುಂದೆ ಇನ್ನೊಂದು, ತನ್ನನ್ನು ಟೀಕಿಸುವ ಧರ್ಮಗುರು ಶೇಖ್ ಇಮಾಮುದ್ದೀನನ ಮುಂದೆ ಮತ್ತೊಂದು. ಯಾವುದೂ ಪೂರ್ತಿ ಸುಳ್ಳಲ್ಲ, ಯಾವುದೂ ಪೂರ್ತಿ ನಿಜವೂ ಅಲ್ಲ. ಹಾಗಾಗಿ ಪ್ರತಿ ಮಾತಿನ ಪಕ್ಕ ‘ಇದನ್ನು ಯಾರಿಗೆ ಹೇಳಿದ? ಹೇಳಿದ ಮೇಲೆ ಏನು ಮಾಡಿದ?’ ಅಂತ ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಳ್ಳಿ. ಬರೀ ಇಷ್ಟು ಮಾಡಿದರೂ ನಿಮ್ಮ ಕರಡು ಬೇರೆಯೇ ಆಗುತ್ತದೆ.

ಈಗ ಹುಚ್ಚಿನ ವಿಷಯ. ಪೇಪರಿನಲ್ಲಿ ‘ತುಘಲಕ್ ದರ್ಬಾರು’ ಅಂತ ಓದಿ ಓದಿ ಅವನು ಹುಚ್ಚ ಎನ್ನುವುದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ನಾಟಕ ಹಾಗೆ ಹೇಳುವುದಿಲ್ಲ. ಅವನ ಪ್ರತಿ ನಿರ್ಧಾರದ ಹಿಂದೆ ಲೆಕ್ಕಾಚಾರ ಇದೆ. ರಾಜಧಾನಿಯನ್ನು ದೌಲತಾಬಾದಿಗೆ ಒಯ್ಯುವುದು ಯಾಕೆ? ಅದು ರಾಜ್ಯದ ನಡುವೆ ಇದೆ, ಅಲ್ಲಿ ಹಿಂದೂಗಳು ಜಾಸ್ತಿ, ಎರಡೂ ಸಮುದಾಯ ಹತ್ತಿರವಾಗಲಿ ಎನ್ನುವ ಆಸೆ. ತಾಮ್ರದ ನಾಣ್ಯ ಯಾಕೆ? ಚೀನಾದಲ್ಲಿ ಕಾಗದದ ದುಡ್ಡೇ ನಡೆಯುತ್ತದಲ್ಲ, ನಂಬಿಕೆ ಇದ್ದರೆ ತಾಮ್ರ ಯಾಕೆ ನಡೆಯಬಾರದು ಎನ್ನುವ ವಾದ. ಆ ಕಾಲಕ್ಕೆ ದುಬಾರಿಯಾದ ಯೋಚನೆಗಳು ಅನ್ನಬಹುದು, ಹುಚ್ಚು ಅನ್ನಲಾಗದು. ಹುಚ್ಚ ಅಂತ ಬರೆದ ಕ್ಷಣ ನಿಮ್ಮ ಪ್ರಬಂಧ ಮುಗಿದುಹೋಗುತ್ತದೆ. ಹುಚ್ಚನಿಗೆ ಉದ್ದೇಶ ಹುಡುಕುವ ಕೆಲಸವೇ ಇರುವುದಿಲ್ಲವಲ್ಲ.

ಗೈಡ್‌ನ ಇನ್ನೊಂದು ಮಾತು, ಮೊದಲರ್ಧ ಆದರ್ಶ, ಎರಡನೆಯ ಅರ್ಧ ಕ್ರೌರ್ಯ ಎನ್ನುವುದು, ಅದೂ ನಿಲ್ಲುವುದಿಲ್ಲ. ನಾಟಕ ಶುರುವಾಗುವ ಮೊದಲೇ ಅವನ ಮೇಲೆ ತಂದೆಯನ್ನೂ ತಮ್ಮನನ್ನೂ ಕೊಲ್ಲಿಸಿದ ಆರೋಪ ಇದೆ, ಅದನ್ನು ಜನ ಬೀದಿಯಲ್ಲಿ ಮಾತಾಡಿಕೊಳ್ಳುತ್ತಾರೆ. 3ನೇ ದೃಶ್ಯದಲ್ಲಿ ಶೇಖ್ ಇಮಾಮುದ್ದೀನನ ಭಾಷಣಕ್ಕೆ ಬನ್ನಿ ಅಂತ ಡಂಗುರ ಸಾರಿಸಿ, ಒಳಗಿಂದೊಳಗೆ ಸಿಪಾಯಿಗಳನ್ನು ಬಿಟ್ಟು ಯಾರೂ ಮನೆಯಿಂದ ಹೊರಗೆ ಬರದ ಹಾಗೆ ಮಾಡುತ್ತಾನೆ. ಆಮೇಲೆ ಆ ಶೇಖನಿಗೇ ಸಂಧಾನದ ಕೆಲಸ ಒಪ್ಪಿಸಿ, ರಾಜನ ಉಡುಪು ತೊಡಿಸಿ, ಬಂಡೆದ್ದು ಬಂದ ಅವಧ ಪ್ರಾಂತದ ಐನ್-ಉಲ್-ಮುಲ್ಕನ ಸೈನ್ಯದ ಎದುರು ಆನೆಯ ಮೇಲೆ ಕೂರಿಸಿ ಕಳಿಸುತ್ತಾನೆ. ಶೇಖನ ಮುಖ ಸುಲ್ತಾನನನ್ನೇ ಹೋಲುತ್ತಿತ್ತು. ಎದುರಿನವರು ಅವನನ್ನೇ ಸುಲ್ತಾನ ಅಂದುಕೊಂಡರು, ಶೇಖ ಸತ್ತ. ಇದೆಲ್ಲ ನಡೆಯುವುದು ‘ಆದರ್ಶದ’ ಅರ್ಧದಲ್ಲಿ. ಹಾಗಾದರೆ ಅವನು ಮೊದಲಿನಿಂದಲೂ ಕಪಟಿಯೇ? ಅದೂ ಅಲ್ಲ. ಶೇಖನನ್ನು ಬಲಿಕೊಟ್ಟವನೇ ಬಂಡೆದ್ದ ಐನ್-ಉಲ್-ಮುಲ್ಕನನ್ನು ಕ್ಷಮಿಸಿ ಅವಧವನ್ನು ತಿರುಗಿ ಕೊಡುತ್ತಾನೆ. ಇಂಥ ಕಡೆ ‘ಒಳ್ಳೆಯ’, ‘ಕೆಟ್ಟ’ ಎನ್ನುವ ಪದಗಳು ಕೈಕೊಡುತ್ತವೆ.

ಹಾಗಾದರೆ ಬದಲಾಗಿದ್ದು ಏನು? ದೌಲತಾಬಾದಿನ ಆಜ್ಞೆಯನ್ನೇ ತೆಗೆದುಕೊಳ್ಳಿ. 1ನೇ ದೃಶ್ಯದಲ್ಲಿ ಅದು ಆಮಂತ್ರಣ. ನನ್ನ ಮೇಲೆ ನಂಬಿಕೆ ಇದ್ದವರು ಬನ್ನಿ, ಬಲವಂತ ಇಲ್ಲ ಎನ್ನುವ ಧಾಟಿ. ಈಗ 6ನೇ ದೃಶ್ಯಕ್ಕೆ ಬನ್ನಿ. ಅಮೀರರು, ಅಂದರೆ ದರ್ಬಾರಿನ ಸರದಾರರು, ಪ್ರಾರ್ಥನೆಯ ಹೊತ್ತಿಗೆ ಅವನನ್ನು ಕೊಲ್ಲಲು ಸಂಚು ಮಾಡಿದ್ದಾರೆ, ಅವನಿಗೆ ಅದು ಮೊದಲೇ ಗೊತ್ತಿದೆ, ಪರದೆ ಹಿಂದೆ ಸಿಪಾಯಿಗಳನ್ನು ನಿಲ್ಲಿಸಿದ್ದಾನೆ. ಸಂಚು ಮುರಿದು ಶಿಹಾಬುದ್ದೀನನನ್ನು ತನ್ನ ಕೈಯಾರೆ ಇರಿದು ಇರಿದು ಕೊಲ್ಲುತ್ತಾನೆ. ಅದಾದ ಮೇಲೆ ಬರುವ ಆಜ್ಞೆ ನೋಡಿ. ದೆಹಲಿಯ ಒಬ್ಬನೂ ಉಳಿಯಬಾರದು, ಎಲ್ಲರೂ ಹೊರಡಬೇಕು. ಊರು ಅದೇ, ದಾರಿ ಅದೇ, ಆಜ್ಞೆ ಕೊಡುವವನೂ ಅವನೇ. ಮೊದಲು ಅದು ಜನರನ್ನು ಜೊತೆಗೆ ಕರೆದೊಯ್ಯುವ ಕನಸು, ಈಗ ಜನರಿಗೆ ಕೊಡುವ ಶಿಕ್ಷೆ. ನಿಮ್ಮ ಮೇಡಂ ಕೇಳಿದ ‘ಉದ್ದೇಶ’ ಇಲ್ಲಿದೆ. ಈ ಒಂದು ಹೋಲಿಕೆಯನ್ನೇ ಮೂರು ಪುಟ ಬರೆಯಬಹುದು.

ಅದೇ ದೃಶ್ಯದಲ್ಲಿ ಇನ್ನೊಂದು ಕಡೆ ನಿಂತು ಯೋಚಿಸಬೇಕು. ಸಂಚು ಗೊತ್ತಿದ್ದೂ ಅವನು ಅಮೀರರ ಮುಂದೆ ನನ್ನ ಯೋಜನೆಗಳಿಗೆ ಬೆಂಬಲ ಕೊಡಿ ಅಂತ ಗೋಗರೆಯುತ್ತಾನೆ. ಗೊತ್ತಿದ್ದ ಮೇಲೆ ಯಾಕೆ ಬೇಡಬೇಕು? ಸುಮ್ನೆ ನಾಟಕ ಆಡಿದ ಅನ್ನುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಅವನಿಗೆ ಮೊದಲಿನಿಂದ ಕೊನೆಯವರೆಗೆ ಬೇಕಿದ್ದುದು ಒಂದೇ, ಯಾರಾದರೂ ತನ್ನನ್ನು ಅರ್ಥ ಮಾಡಿಕೊಂಡು ಜೊತೆಗೆ ನಡೆಯಬೇಕು. ಆ ಬೇಡಿಕೆ ನಿಜ, ಪರದೆ ಹಿಂದಿನ ಸಿಪಾಯಿಗಳೂ ನಿಜ. ಒಂದು ಕೈ ಚಾಚಿಕೊಂಡೇ ಇನ್ನೊಂದು ಕೈಯಲ್ಲಿ ಕತ್ತಿ ಹಿಡಿದಿದ್ದಾನೆ. ನೀವು ನನ್ನ ಓದನ್ನು ಒಪ್ಪಲೇಬೇಕಿಲ್ಲ, ಆದರೆ ಯಾವ ಕಡೆ ನಿಂತರೂ ಆ ಬೇಡುವ ಮಾತುಗಳಿಗೆ ಲೆಕ್ಕ ಕೊಡಬೇಕು, ಅವನ್ನು ಹಾರಿಸಿ ಕೊಲೆಗೆ ಹೋಗುವಂತಿಲ್ಲ.

ಇನ್ನು ನಿಮ್ಮ ಶಿಹಾಬುದ್ದೀನ. ‘ಒಂದೇ ದೃಶ್ಯದಲ್ಲಿ ಬದಲಾದ’ ಅಂದಿರಲ್ಲ, ಅಲ್ಲೇ ಗಂಟು ಇರುವುದು. ಅವನು 5ನೇ ದೃಶ್ಯದಲ್ಲಿ ಬದಲಾಗಿದ್ದಲ್ಲ. 4ನೇ ದೃಶ್ಯವನ್ನು ಇನ್ನೊಮ್ಮೆ ಓದಿ. ಸುಲ್ತಾನ ಯುದ್ಧಕ್ಕೆ ಹೋದಾಗ ದೆಹಲಿಯನ್ನು ನೋಡಿಕೊಳ್ಳುವ ಕೆಲಸ ಅವನದು. ಅವನ ದತ್ತು ಸಹೋದರ ರತನ್‌ಸಿಂಗ್ ಬಂದು ಶೇಖ್ ಇಮಾಮುದ್ದೀನ ನಿಜವಾಗಿ ಹೇಗೆ ಸತ್ತ ಅಂತ ಅವನಿಗೆ ಹೇಳುತ್ತಾನೆ. ಆಮೇಲೆ ಸುಲ್ತಾನ ಬಂದು ಅದೇ ಸಾವನ್ನು ದುಃಖದಿಂದ, ಬೇರೆ ರೀತಿಯಲ್ಲಿ ಹೇಳುತ್ತಾನೆ. ಶಿಹಾಬುದ್ದೀನ ಎದುರು ಮಾತಾಡುವುದಿಲ್ಲ. ನಿಜ ಕೇಳಿದ ಕಿವಿಯಲ್ಲೇ ದೊರೆಯ ಬಾಯಿಂದ ಇನ್ನೊಂದು ಕಥೆ ಕೇಳಿಸಿಕೊಂಡು ಸುಮ್ಮನೆ ನಿಲ್ಲಬೇಕು. ಅವನೊಳಗೆ ಏನೋ ಮುರಿಯುವುದು ಅಲ್ಲಿ. 5ನೇ ದೃಶ್ಯದಲ್ಲಿ ಅಮೀರರ ಮುಂದೆ ಸುಲ್ತಾನನ ಪರ ವಾದ ಮಾಡುತ್ತಾನಲ್ಲ, ಅದನ್ನು ಅವರನ್ನು ಒಪ್ಪಿಸುವ ಹಾಗೆ ಆಡಬೇಡಿ. ತನ್ನನ್ನು ತಾನೇ ಒಪ್ಪಿಸಿಕೊಳ್ಳುವ ಹಾಗೆ ಆಡಿ. ಒಂದೊಂದು ವಾದಕ್ಕೂ ಉತ್ತರ ಬಂದಾಗ ಅವನ ಹತ್ತಿರ ಉಳಿಯುವುದು ಕಡಿಮೆಯಾಗುತ್ತಾ ಹೋಗುತ್ತದೆ, ಕೊನೆಗೆ ಒಪ್ಪುವ ಹೊತ್ತಿಗೆ ದನಿ ಏರಬಾರದು, ಇಳಿಯಬೇಕು.

ಅವನ ಮೂಲ ಆಸೆ ಎಲ್ಲೂ ಬದಲಾಗಿಲ್ಲ. ಅವನು ನೇರ ಮನುಷ್ಯ, ನ್ಯಾಯ ಬೇಕು ಅವನಿಗೆ. ಸುಲ್ತಾನ ನ್ಯಾಯವಂತ ಅಂತ ನಂಬಿ ಪರವಾಗಿ ನಿಂತ, ಅಲ್ಲ ಅಂತ ಗೊತ್ತಾದಾಗ ಎದುರು ನಿಂತ. ಎರಡೂ ಒಂದೇ ಗುಣದಿಂದ ಬಂದದ್ದು. ದೆಹಲಿಯವರಿಗೆ ಅವನು ಹೊರಗಿನವನು, ಸುಲ್ತಾನನಿಗೆ ಅವನ ಮೇಲೆ ನಂಬಿಕೆ ಇದೆ, ಅಮೀರರು ಅವನನ್ನು ಸಂಚಿಗೆ ಸೇರಿಸಿಕೊಳ್ಳುವುದೂ ಅದಕ್ಕೇ. ನೇರವಾಗಿದ್ದವನು ಇನ್ನೊಬ್ಬರ ಕೈಗೆ ಆಯುಧವಾಗುತ್ತಾನೆ. ಅವನು ಸತ್ತ ಮೇಲೆ ಸುಲ್ತಾನ ಮಾಡುವ ಕೆಲಸವಂತೂ ಎದೆ ನಡುಗಿಸುತ್ತದೆ, ಸಂಚು ಮಾಡಿದವನನ್ನೇ ತನ್ನನ್ನು ಕಾಪಾಡುತ್ತಾ ಸತ್ತ ನಿಷ್ಠಾವಂತ ಅಂತ ಸಾರಿಸುತ್ತಾನೆ. ಸತ್ತವನ ಉದ್ದೇಶವನ್ನೂ ಬದಲಿಸುವ ಅಧಿಕಾರ! ಇದು ನಿಮ್ಮ ಪ್ರಬಂಧದ ವಿಷಯಕ್ಕೇ ಹೇಳಿಮಾಡಿಸಿದ ಹಾಗಿದೆ, ಬಿಡಬೇಡಿ.

ನಟನೆಯ ಬಗ್ಗೆ ಒಂದು ಮಾತು. ಬಳ್ಳಾರಿ ರಾಘವರು ವೃತ್ತಿಯಲ್ಲಿ ವಕೀಲರು, 1946ರಲ್ಲಿ ತೀರಿಕೊಂಡರು, ಅಬ್ಬರವನ್ನು ಇಳಿಸಿ ಸಹಜವಾಗಿ ಅಭಿನಯಿಸುವುದಕ್ಕೆ ಹೆಸರಾದವರು. ಅಂಥವರು ಬಾಳಿದ ಸೀಮೆಯಲ್ಲಿ ಇಂದಿಗೂ ಶಿಹಾಬುದ್ದೀನನ ಮಾತುಗಳನ್ನು ಮೈಕಿಗೆ ಬಾಯಿಟ್ಟು ಕೂಗಿಸುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ನಿಮ್ಮ ಮಾಸ್ತರರಿಗೆ ಹೇಳಿ, 4ನೇ ದೃಶ್ಯದ ಆ ಮೌನಕ್ಕೆ ಸಮಯ ಕೊಡಲಿ. ಅಲ್ಲಿ ಸಂಭಾಷಣೆ ಇಲ್ಲ ಅಂತ ಓಡಿಸಿಬಿಟ್ಟರೆ 5ನೇ ದೃಶ್ಯವನ್ನು ಯಾರೂ ನಂಬುವುದಿಲ್ಲ.

ಪ್ರಬಂಧವನ್ನು ಹೇಗೆ ಕಟ್ಟಬೇಕು ಎನ್ನುವುದಕ್ಕೆ ನಿಮ್ಮ ಮುಂದೆ ಕೆಲವು ದಾರಿ ಇವೆ, ಒಂದೊಂದರಲ್ಲೂ ಜಾರುವ ಜಾಗ ಇದೆ. ಒಬ್ಬ ಪಾತ್ರವನ್ನೇ ಹಿಡಿದು 1ರಿಂದ 13ನೇ ದೃಶ್ಯದವರೆಗೆ ಹೋಗುವುದು ಸುಲಭ ಅನಿಸುತ್ತದೆ, ಆದರೆ ನಿಮ್ಮ ಮೊದಲ ಕರಡು ಕಥೆಯಾಗಿದ್ದು ಈ ದಾರಿಯಲ್ಲೇ ಇರಬೇಕು. ಅದನ್ನೇ ಹಿಡಿಯುವುದಾದರೆ ಎಲ್ಲ ದೃಶ್ಯ ಬೇಡ, ನಾಲ್ಕು ಸಾಕು.

ಎರಡನೆಯದು ಒಂದು ವಸ್ತು ಅಥವಾ ಆಚರಣೆಯನ್ನು ಹಿಡಿಯುವುದು. ನನಗೆ ಇಷ್ಟವಾದ ದಾರಿ ಇದು. ಪ್ರಾರ್ಥನೆಯನ್ನೇ ನೋಡಿ. ಮೊದಲು ಐದು ಹೊತ್ತಿನ ನಮಾಜು ಕಾನೂನು, ತಪ್ಪಿಸಿದರೆ ಶಿಕ್ಷೆ. ಅವನ ತಂದೆ ಸತ್ತದ್ದು ಪ್ರಾರ್ಥನೆಯ ಹೊತ್ತಿನಲ್ಲಿ ಎನ್ನುವ ಮಾತು ಜನರ ಬಾಯಲ್ಲಿದೆ. ಅಮೀರರ ಸಂಚೂ ಪ್ರಾರ್ಥನೆಯ ಹೊತ್ತಿಗೇ. ಅದಾದ ಮೇಲೆ ರಾಜ್ಯದಲ್ಲಿ ಪ್ರಾರ್ಥನೆಯೇ ನಿಷೇಧ. ವರ್ಷಗಳ ಮೇಲೆ ಖಲೀಫರ ವಂಶದ ಘಿಯಾಸುದ್ದೀನ ಅಬ್ಬಾಸಿದ ಬರುವ ಹೊತ್ತಿಗೆ ಅದು ತಿರುಗಿ ಶುರುವಾಗುತ್ತದೆ, ಆದರೆ ಬಂದವನು ಘಿಯಾಸುದ್ದೀನನಲ್ಲ, ಅವನನ್ನು ಕೊಂದು ಅವನ ವೇಷ ಹಾಕಿದ ಅಜೀಜ ಎನ್ನುವ ಕಳ್ಳ. ನಂಬಿಕೆಯಿಂದ ಶುರುವಾದದ್ದು ಹತ್ಯಾರವಾಗಿ, ಭಯವಾಗಿ, ಕೊನೆಗೆ ಹಸಿದ ಜನರನ್ನು ಸಮಾಧಾನ ಮಾಡುವ ಉಪಾಯವಾಗಿ ತಿರುಗಿದೆ. ನಿದ್ದೆಯನ್ನೂ ಹೀಗೇ ಓದಬಹುದು. ಮೊದಲು ಅವನು ಕೆಲಸ ಮಾಡುವ ಹುಮ್ಮಸ್ಸಿನಲ್ಲಿ ನಿದ್ದೆ ಬಿಡುತ್ತಾನೆ, ಐದು ವರ್ಷದ ನಂತರ ದೌಲತಾಬಾದಿನ ಕೋಟೆಯಲ್ಲಿ ನಿದ್ದೆಯೇ ಅವನನ್ನು ಬಿಟ್ಟಿದೆ. ಈ ದಾರಿಯ ಅಪಾಯ ಅಂದರೆ ಸಂಕೇತಗಳ ಪಟ್ಟಿ ಮಾಡುತ್ತಾ ಮನುಷ್ಯರನ್ನೇ ಮರೆಯುವುದು. ಪ್ರತಿ ಸಲವೂ ‘ಈಗ ಇದನ್ನು ಯಾರು, ಏನಕ್ಕೆ ಬಳಸಿದರು’ ಅಂತ ಕೇಳಿಕೊಂಡರೆ ತಪ್ಪಿಸಿಕೊಳ್ಳಬಹುದು.

ಮೂರನೆಯದು ಸುಲ್ತಾನ ಮತ್ತು ಅಜೀಜನ ಜೋಡಿ. ಕಂಪನಿ ನಾಟಕ ನೋಡಿದವರಿಗೆ ಅಜೀಜ-ಆಜಮ ಜೋಡಿ ಎಲ್ಲಿಂದ ಬಂತು ಅಂತ ಬೇಗ ತಿಳಿಯುತ್ತದೆ. ದರ್ಬಾರ್ ಸೀನಿಗೆ ಹಿಂದೆ ಸಜ್ಜು ಮಾಡುವಾಗ ಮುಂದೆ ರಸ್ತೆ ಸೀನಿನಲ್ಲಿ ನಗಿಸಲು ಬರುವ ಹಾಸ್ಯದ ಜೋಡಿ ಅದು. ಕಾರ್ನಾಡರು ಅದೇ ಹಳೆಯ ಕಟ್ಟನ್ನು ತೆಗೆದುಕೊಂಡು, ರಸ್ತೆ ಸೀನಿನ ಕಳ್ಳನನ್ನು ಕೊನೆಗೆ ದರ್ಬಾರಿನೊಳಗೇ ತಂದು ಸುಲ್ತಾನನ ಎದುರು ನಿಲ್ಲಿಸುತ್ತಾರೆ. ಅಜೀಜ ಅಗಸ. ಬ್ರಾಹ್ಮಣನ ವೇಷದಲ್ಲಿ ಸುಲ್ತಾನನ ಮೇಲೇ ದಾವೆ ಹೂಡಿ, 500 ದಿನಾರ್ ಪರಿಹಾರವನ್ನೂ ಒಂದು ಸರ್ಕಾರಿ ಕೆಲಸವನ್ನೂ ಗಿಟ್ಟಿಸುತ್ತಾನೆ. ಮೊದಲು ಅವನಿಗೆ ಬೇಕಿದ್ದುದು ದುಡ್ಡು. ದೌಲತಾಬಾದಿನ ದಾರಿಯಲ್ಲಿ, ಸಾಯುತ್ತಿರುವ ಮಗುವನ್ನು ಎತ್ತಿಕೊಂಡ ತಾಯಿಯ ಹತ್ತಿರವೂ ಲಂಚ ಕೇಳುವಾಗ ಅವನಿಗೆ ದುಡ್ಡಿಗಿಂತ ಅಧಿಕಾರದ ರುಚಿ ಹತ್ತಿದೆ ಅಂತ ಕಾಣುತ್ತದೆ. ಇಡೀ ನಾಟಕದಲ್ಲಿ ತನಗೆ ಏನು ಬೇಕು ಅಂತ ಬಿಚ್ಚಿ ಹೇಳುವವನು ಇವನೊಬ್ಬನೇ. 13ನೇ ದೃಶ್ಯದಲ್ಲಿ ಸಿಕ್ಕಿಬಿದ್ದಾಗ ಸುಲ್ತಾನ ಇವನನ್ನು ಕೊಲ್ಲಿಸುವ ಬದಲು ದಖ್ಖನಿನಲ್ಲಿ ಅಧಿಕಾರಿ ಮಾಡುತ್ತಾನೆ. ಹುಚ್ಚು ಅಂದುಬಿಟ್ಟರೆ ಇದು ಅರ್ಥವೇ ಆಗುವುದಿಲ್ಲ. ಸುಲ್ತಾನನಿಗೆ ಬೇಕಿದ್ದುದು ತನ್ನನ್ನು ಅರ್ಥ ಮಾಡಿಕೊಳ್ಳುವ ಒಬ್ಬ ಮನುಷ್ಯ ಅಂದೆನಲ್ಲ, ಅವನ ಪ್ರತಿ ಆಜ್ಞೆಯನ್ನೂ ಬಿಡದೆ ಗಮನಿಸಿ ಅದರ ಹಾಗೆ ಬದುಕು ಕಟ್ಟಿಕೊಂಡವನು ಈ ಕಳ್ಳ. ಆದರೆ ‘ಇಬ್ಬರೂ ಒಂದೇ’ ಅಂತ ಮಾತ್ರ ಬರೆಯಬೇಡಿ. ಅಜೀಜನಿಗೆ ಪಶ್ಚಾತ್ತಾಪ ಇಲ್ಲ, ಸುಲ್ತಾನನಿಗೆ ಇದೆ. ಆ ವ್ಯತ್ಯಾಸ ಸಣ್ಣದಲ್ಲ.

ಇತಿಹಾಸದ ಪ್ರಶ್ನೆ. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಸುಲ್ತಾನನ ವಿರುದ್ಧ ಬಂಡೆದ್ದ ಬಹಾವುದ್ದೀನ್ ಗುರ್ಷಾಸ್ಪನಿಗೆ ಕುಮಾರರಾಮನ ತಂದೆ, ಕಂಪಿಲಿಯ ದೊರೆ ಆಶ್ರಯ ಕೊಟ್ಟ, ಅದಕ್ಕೆ ದೆಹಲಿಯ ದಂಡು ಬಂತು, 1327ರಲ್ಲಿ ಕಂಪಿಲಿ ಬಿತ್ತು. ನಾಟಕದ ಮೊದಲ ದೃಶ್ಯ ನಡೆಯುವುದೂ ಅದೇ 1327ರಲ್ಲಿ. ಈ ಮಾತು ನಿಮ್ಮ ಮುನ್ನುಡಿಗೆ ಚೆನ್ನಾಗಿ ಒಪ್ಪುತ್ತದೆ, ಒಂದು ಪ್ಯಾರಾ ಧಾರಾಳವಾಗಿ ಬರೆಯಿರಿ. ಅದಕ್ಕಿಂತ ಮುಂದೆ ಹೋಗಬೇಡಿ. ನಾಟಕ ಆ ಯುದ್ಧವನ್ನು ತೋರಿಸುವುದಿಲ್ಲ, ಹಾಗಾಗಿ ಪಾತ್ರದ ಉದ್ದೇಶಕ್ಕೆ ಅದನ್ನು ಸಾಕ್ಷಿ ಮಾಡಿದರೆ ಮೇಡಂ ಮತ್ತೆ ಕೆಂಪು ಗೆರೆ ಎಳೆಯುತ್ತಾರೆ. ಇತಿಹಾಸದ ಸುಲ್ತಾನ ಬೇರೆ, ಕಾರ್ನಾಡರು ಕಟ್ಟಿದ ಮಹಮ್ಮದ ಬೇರೆ. ಮತ್ತೆ, ಉದ್ದೇಶವನ್ನು ಬಿಡಿಸಿ ಹೇಳುವುದು ಅಂದರೆ ಮಾಫಿ ಮಾಡುವುದು ಅಂತಲ್ಲ. ಅವನ ಆಸೆ ದೊಡ್ಡದಿತ್ತು ಅಂತ ಬರೆದರೆ ಕುಮ್ಮಟದುರ್ಗಕ್ಕೆ ದ್ರೋಹ ಮಾಡಿದ ಹಾಗೆ ಆಗುವುದಿಲ್ಲ. ನೆಹರೂ ಕಾಲದ ನಿರಾಸೆಯನ್ನು ಈ ನಾಟಕದಲ್ಲಿ ಕಂಡ ವಿಮರ್ಶಕರೂ ಇದ್ದಾರೆ, ನಾಟಕ ಬಂದದ್ದು 1964ರಲ್ಲಿ. ಆ ಓದು ಒಳ್ಳೆಯದೇ, ಆದರೆ ನಿಮ್ಮ ವಿಷಯಕ್ಕೆ ಅದು ಪಕ್ಕದ ದಾರಿ. ಅಲ್ಲಿಗೆ ಹೋದರೆ ಪಾತ್ರಗಳು ಹಿಂದೆ ಉಳಿಯುತ್ತವೆ, ನಿಮಗಿರುವುದು 15 ಪುಟ.

ನನ್ನನ್ನು ಕೇಳಿದರೆ ಸುಲ್ತಾನ ಮತ್ತು ಶಿಹಾಬುದ್ದೀನ ಇಬ್ಬರನ್ನೇ ಹಿಡಿಯಿರಿ, 6ನೇ ದೃಶ್ಯವನ್ನು ನಡುವೆ ಇಡಿ, ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ನೋಡಿ. ತಾಲೀಮಿನಲ್ಲಿ ಮೈಯಿಂದ ಕಲಿತದ್ದು ಬರಹಕ್ಕೆ ಬರುತ್ತದೆ, ಅದು ಗೈಡ್ ಓದಿ ಬರೆಯುವವರಿಗೆ ಸಿಗುವುದಿಲ್ಲ. ಸುಲ್ತಾನನ ಸಲಹೆಗಾರ ನಜೀಬನಿಗೆ ಒಂದು ಪುಟ ಸಾಕು, ಇತಿಹಾಸಕಾರ ಬರನಿಯನ್ನು ಬಿಟ್ಟರೂ ನಡೆಯುತ್ತದೆ. ಮಲತಾಯಿಯನ್ನು ಮಾತ್ರ ಬಿಡಬೇಡಿ. ನಮ್ಮ ಕಡೆಯವರಿಗೆ ಮಲತಾಯಿ ಅಂದ ಕೂಡಲೇ ಕುಮಾರರಾಮನ ಕಥೆಯಲ್ಲಿ ಮಗನಿಗೇ ಮನಸೋತು, ಅವನು ಒಪ್ಪದಾಗ ಸುಳ್ಳು ದೂರು ಹೇಳಿದ ರತ್ನಾಜಿ ನೆನಪಾಗುತ್ತಾಳೆ, ಆ ಕಣ್ಣಿನಿಂದ ಇವಳನ್ನು ಓದಬೇಡಿ. ಇವಳು ನಜೀಬನಿಗೆ ವಿಷ ಹಾಕಿಸುವುದು ಮಗನನ್ನು ಕಾಪಾಡಬೇಕು ಅಂತ, ಮಗ ಮಾಡಿದ ಕೊಲೆಗಳಿಗೆ ನಜೀಬನೇ ಕಾರಣ ಅಂತ ನಂಬಿ. ಅದನ್ನು ಅವಳೇ ಒಪ್ಪಿಕೊಂಡಾಗ ಅವನು ಅವಳಿಗೆ ಕಲ್ಲೇಟಿನ ಸಾವು ವಿಧಿಸುತ್ತಾನೆ. ಪ್ರೀತಿಗಾಗಿ ಏನು ಮಾಡಲು ಒಪ್ಪಿದಳು ಎನ್ನುವ ಅದೇ ಪ್ರಶ್ನೆ ಅವಳಿಗೂ ಅನ್ವಯಿಸುತ್ತದೆ, ಹಾಗಾಗಿ 10ನೇ ದೃಶ್ಯಕ್ಕೆ ಕನಿಷ್ಠ ಎರಡು ಪುಟ ಉಳಿಸಿಕೊಂಡು ಉಳಿದದ್ದನ್ನು ಹಂಚಿಕೊಳ್ಳಿ.